ಒಂಟಿ ಚುಕ್ಕಿಯ ಜಾಗ

ಮಾರ್ಚ್ ೧೧, ಬುಧವಾರ

ಆ ಹುಡುಗಿಯ "ಹ್ಞೂಂ" ಇನ್ನೂ ಕಿವಿಯಲ್ಲೇ ಕೂತಿದೆ.

ಬೆಳಗ್ಗೆ ತಾರಾಲಯಕ್ಕೆ ಶಾಲೆಯ ಮಕ್ಕಳು ಬಂದಿದ್ದರು. ಕತ್ತಲಲ್ಲಿ ಎಂದಿನಂತೆ ಬೆಳಕಿನ ಬಾಣವನ್ನು ಅಲ್ಫಾರ್ಡ್ ನಕ್ಷತ್ರದತ್ತ ಹಿಡಿದು ಬಾಯಿಪಾಠ ಒಪ್ಪಿಸಿದೆ: ಇದು ಸೂರ್ಯನನ್ನೂ ಮೀರಿಸುವ ದೈತ್ಯ, ಆಸುಪಾಸಿನಲ್ಲಿ ಹೊಳೆಯುವ ಚುಕ್ಕಿ ಬೇರೊಂದಿಲ್ಲ, ಅದಕ್ಕೇ ಅರಬರು 'ಒಂಟಿ' ಎಂದು ಕರೆದರು, ಆ ಅರಬ್ಬಿ ಮಾತೇ ಹೆಸರಾಗಿ ನಿಂತಿತು.

"ಅಲ್ಲಿ ಏನೂ ಇಲ್ವಲ್ಲ ಸಾರ್," ಎಂದಿತು ಮುಂದಿನ ಸಾಲಿನ ಒಂದು ದನಿ.

"ಕಣ್ಣು ಬಿಟ್ಟು ನೋಡಮ್ಮಾ," ಎಂದೆ. ಎಲ್ಲರೂ ನಕ್ಕರು.

"ಎಲ್ರಿಗೂ ಕಾಣ್ತಿದೆ, ನಿಂಗೊಬ್ಳಿಗೇ ಕಾಣಲ್ವಾ?" ಎಂದು ಟೀಚರ್ ಗದರಿದರು.

ಆಗ ಅವಳೆಂದಳು, "ಹ್ಞೂಂ, ಕಾಣ್ತು."

ಸಂಜೆ ಚುಕ್ಕಿಗಳನ್ನು ಮೂಡಿಸುವ ಯಂತ್ರ ಒರೆಸುತ್ತಿದ್ದ ಮೆಕ್ಯಾನಿಕ್ ನನ್ನನ್ನು ಕರೆದ. ಅದರ ಗೋಳದಲ್ಲಿ ಒಂದೊಂದು ನಕ್ಷತ್ರಕ್ಕೂ ಒಂದೊಂದು ತೂತು. ಬೆಳಕು ಹೊರಬೀಳುವುದೇ ಅದರಿಂದ. ಅಲ್ಫಾರ್ಡಿನ ತೂತು ಪೂರ್ತಿ ಮುಚ್ಚಿಹೋಗಿತ್ತು.

"ಇದು ನಿನ್ನೆ ಮೊನ್ನೆ ಧೂಳಲ್ಲ ಸಾರ್, ತಿಂಗಳುಗಟ್ಲೆ ಕೂತಿರೋದು."

ಹಾಗಾದರೆ ಅಷ್ಟು ದಿನ ನಾನು ಬರೀ ಕತ್ತಲೆಯನ್ನು ತೋರಿಸಿದ್ದೇನೆ, ಬಂದವರೆಲ್ಲ ತಲೆದೂಗಿದ್ದಾರೆ. ಪಕ್ಕದಲ್ಲಿ ಇನ್ನೊಂದು ಚುಕ್ಕಿಯಿದ್ದಿದ್ದರೆ ಇದು ಇಲ್ಲದ್ದು ನನಗೂ ಗೊತ್ತಾಗುತ್ತಿತ್ತು. ಛೆ, ಇದೂ ಒಂದು ನೆಪ. ಬಾಣ ಬಿಡುವವನು ತಾನೇ ಒಮ್ಮೆ ತಲೆಯೆತ್ತಿ ನೋಡಬೇಡವೇ?

ಕಂಡದ್ದನ್ನು ಕಂಡಂತೆ ಹೇಳಿದವಳು ಅವಳೊಬ್ಬಳೇ. ಅವಳ ಬಾಯಲ್ಲೂ ಸುಳ್ಳು ಹೇಳಿಸಿದೆ.

ನಾಳೆ ಶಾಲೆಗೆ ಫೋನ್ ಮಾಡಿ ತಪ್ಪಾಯಿತು ಎನ್ನಬೇಕು. ಯಾವ ಹುಡುಗಿ ಎಂದು ಫೋನ್ ಎತ್ತಿದವರು ಕೇಳಿದರೆ ಏನು ಹೇಳಲಿ? ಆ ಕತ್ತಲಲ್ಲಿ ಅವಳ ಮುಖವನ್ನೂ ನಾನು ನೋಡಲಿಲ್ಲ.