ಗೋಡೆಯ ತಂತಿ ಕೀಳಬೇಡಿ

ರೀ, ಮಗಳನ್ನು ಹೆರಿಗೆಗೆ ಸೇರಿಸಿದ್ದಾರಂತೆ, ಈ ಚೀಟಿ ಬರೆದಿಟ್ಟು ನಾನು ಆಸ್ಪತ್ರೆಗೆ ಹೊರಟೆ. ಅಳಿಯ ಬೆಳಗಿನಿಂದ ಫೋನ್ ಮಾಡಿ ಸೋತು, ಕೊನೆಗೆ ಪಕ್ಕದ ಮನೆಗೆ ಮಾಡಿದ. ನೀವು ಮತ್ತೆ ಇಂಟರ್ನೆಟ್ ನೋಡಿ ಮುಗಿಸಿ ಗೋಡೆಯ ತಂತಿ ಕಿತ್ತಿಟ್ಟಿದ್ದಿರಿ, ಅದೇ ತಂತಿಯ ಫೋನೂ ಸತ್ತಿತ್ತು.

ನೆಟ್ ಓಡುವಾಗ ಫೋನ್ ಬಾರದ ಹಳೇ ಡಯಲಪ್ ಇದ್ದಾಗ ನೀವು ಕಂಪ್ಯೂಟರಿನ ಮುಂದೆ ಕೂತಿದ್ದಕ್ಕೆ ಅತ್ತೆ ತೀರಿಕೊಳ್ಳುವ ಮುಂಚೆ ಮಾಡಿದ ಕಡೇ ಕರೆ ಒಳಗೆ ಬರಲಿಲ್ಲ. ಆ ಸಂಕಟವೇ ನಿಮ್ಮ ಕೈ ಹಿಡಿದು ತಂತಿ ಕೀಳಿಸುತ್ತದೆ, ಬಲ್ಲೆ. ಬೈಯಲು ನನಗೂ ತ್ರಾಣವಿಲ್ಲ.

ತಂತಿ ಸಿಕ್ಕಿಸಿದ್ದೇನೆ. “ನೆಟ್ ಓಡ್ತಿದ್ರೂ ಫೋನ್ ಬರತ್ತೆ, ಯಜಮಾನ್ರೇ” ಎಂದು ಹೊಸ ನೆಟ್ ಹಾಕಿದ ದಿನವೇ ಲೈನ್‌ಮನ್ ಮೂರು ಸಲ ಹೇಳಿದ. ಅವನನ್ನು ನಂಬದಿದ್ದರೆ ದೇವರನ್ನಾದರೂ ನಂಬಿ. ಈ ನೆಟ್ ಸಂಜೆ ಕಟ್ಟಿಹಾಕುವ ದನವಲ್ಲ, ತಾನೇ ಹರಿಯುವ ಹೊಳೆ.

ಅನ್ನ ಮುಚ್ಚಿಟ್ಟಿದ್ದೇನೆ. ಉಂಡು ಫೋನಿನ ಹತ್ತಿರವೇ ಕೂತಿರಿ. ಮಗು ಅತ್ತ ಕೂಡಲೇ ಆ ದನಿಯನ್ನು ಮೊದಲು ನಿಮಗೇ ಕೇಳಿಸುತ್ತೇನೆ.