ಗಾಜಿನ ಗೂಡಿನೊಳಗಿನ ಹಿಲ್ಡೆ

ಸ್ಟ್ರಾಸ್‌ಬರ್ಗ್, ಅಕ್ಟೋಬರ್ 8, ಮಂಗಳವಾರ

ಅಯ್ಯೋ, ಆ ಹಿಲ್ಡೆ! ನಮ್ಮ ಮದುವೆಯಾಗಿ ಆರೇ ವಾರ, ಆದರೆ ನನ್ನ ಯೋರಿಟ್‌ನ ಪಕ್ಕ ನನಗಿಂತ ಹೆಚ್ಚು ಹೊತ್ತು ಕೂರುವವಳು ಅವಳು. ಹಲವು ದೇಶಗಳ ಈ ಸಂಸತ್ತಿನಲ್ಲಿ, ಅನುವಾದಕರ ಗಾಜಿನ ಗೂಡಿನೊಳಗೆ ಇಬ್ಬರೂ ಸರದಿಯಂತೆ ಭಾಷಣಗಳನ್ನು ಡಚ್‌ಗೆ ಅನುವಾದಿಸುತ್ತಾರೆ. ಅವನು ಮಾತಾಡುವಾಗ ಭಾಷಣದಲ್ಲಿ ಬರುವ ಅಂಕಿಗಳನ್ನೆಲ್ಲ ಅವಳು ಚೀಟಿಯಲ್ಲಿ ಬರೆದು ಅವನತ್ತ ಸರಿಸುತ್ತಾಳೆ. ಅದು ಕೆಲಸದ ಪದ್ಧತಿಯಂತೆ. ಅವನಿಗೇನು ಬೇಕೆಂದು ಕೇಳುವ ಮೊದಲೇ ಅವಳಿಗೆ ಗೊತ್ತು! ನನಗಿನ್ನೂ ಗೊತ್ತಾಗುವುದಿಲ್ಲ.

ಇಂದು ಮೇಲಿನ ಪ್ರೇಕ್ಷಕರ ಗ್ಯಾಲರಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಆ ಗೂಡನ್ನೇ ನೋಡುತ್ತಿದ್ದೆ. ಸದಸ್ಯ ದೇಶಗಳಲ್ಲಿ ಕಾನೂನಿನ ಆಳ್ವಿಕೆಯ ಮೇಲೆ ವರ್ಷವರ್ಷವೂ ನಿಗಾ ಇಡುವ ಬಗ್ಗೆ ಜೋರು ಚರ್ಚೆ. ಒಬ್ಬ ಸದಸ್ಯ ಕೆಂಡವಾದ. ಅನುವಾದಕರು ಭಾಷಣಕಾರನ ಬದಲಿಗೆ ತಾವೇ 'ನಾನು' ಎಂದು ಹೇಳಬೇಕಲ್ಲ, ಕಿವಿಯಲ್ಲಿ ಯೋರಿಟ್‌ನ ಮುದ್ದು ದನಿ: "ನಾನೇನು ತಪ್ಪು ಮಾಡಿದೆ? ನನ್ನ ಮೇಲೆ ನಂಬಿಕೆಯಿಲ್ಲ, ಅದಕ್ಕೇ ಈ ಕಾವಲು!"

"ಇಲ್ಲ ಕಣೋ, ನಂಬ್ತೀನಿ!" ಎಂದು ಕೂಗಿಬಿಟ್ಟೆ. ಇಡೀ ಸಾಲು ತಿರುಗಿ ನೋಡಿತು.

ಊಟಕ್ಕೆ ಕೂತಾಗ ಅವನೇ ಮಾತು ತೆಗೆದ. "ಮೇಲೆ ಯಾರೋ ಕಿರುಚಿದ್ರಂತೆ. ಹಿಲ್ಡೆ ನಕ್ಕೂ ನಕ್ಕೂ ಸುಸ್ತು."

"ನಾನೇ ಕಣೋ."

ಅವನು ನಗಲಿಲ್ಲ. ಫೋರ್ಕ್ ಕೆಳಗಿಟ್ಟ. "ನಾಳೇನೂ ಕಾವಲಿಗೆ ಬರ್ತೀಯಾ, ಚಿನ್ನಾ?"

ಖಂಡಿತ ಬರುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಆದರೆ ನಾಳೆ ಮತದಾನ, ಅರ್ಧ ಗಂಟೆ ಅಷ್ಟೇ, ಹಿಂದಿನ ಸಾಲಿನಲ್ಲಿ ಕೂತರೆ ಅವನಿಗೆ ಹೇಗೆ ಗೊತ್ತಾಗುತ್ತೆ?