ಎರಡೂ ಎಡತೋಳು

೧೪ ಜುಲೈ, ಮಧ್ಯಾಹ್ನ

ಪ್ರೀತಿಯ ತಂಗಿಗೆ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತ ಅಕ್ಕನನ್ನು ಮೊದಲು ಬೈದುಬಿಡು, ಆಮೇಲೆ ಓದು. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆದರಿದ್ದೆ. ನಿನ್ನ ಮಂಡಿನೋವು ಹೇಗಿದೆ? ಮಗಳ ಪರೀಕ್ಷೆ ಮುಗಿಯಿತೇ?

ಮೂರು ತಿಂಗಳ ಹಿಂದೆ ಹೊಲಿಗೆ ಅಂಗಡಿಯಲ್ಲಿ ಗಿರಾಕಿಯೊಬ್ಬರ ಕೋಟಿಗೆ ಎರಡೂ ಎಡತೋಳನ್ನೇ ಕತ್ತರಿಸಿಬಿಟ್ಟೆ. ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು. ಯಜಮಾನರು, "ಬಿಡಿ, ಎರಡೂ ಎಡಗೈ ಇರೋ ಗಿರಾಕಿ ಬರೋವರೆಗೂ ತೂಗುಹಾಕೋಣ" ಎಂದು ನಕ್ಕರು. ನಾನೂ ನಕ್ಕೆ. ಆದರೆ ಅಮ್ಮ ನೆನಪಾದಳು. ಅವಳಿಗೂ ಮರೆವು ಹೀಗೇ ಶುರುವಾಗಿತ್ತಲ್ಲ, ಒಂದೇ ಕಾಲಿಗೆ ಎರಡು ಕಾಲುಚೀಲ. ಆಗ ಅವಳಿಗೆ ಅರವತ್ತೊಂದು. ನನಗೀಗ ಐವತ್ತೆಂಟು.

ಡಾಕ್ಟರ ಹತ್ತಿರ ಹೋದೆ. ನನ್ನ ಸೊಸೆಯಷ್ಟು ವಯಸ್ಸಿನ ಹುಡುಗಿ. ಗಡಿಯಾರದ ಚಿತ್ರ ಬರೆಸಿದಳು, ಐದು ಪದ ಹೇಳಿ ಆಮೇಲೆ ಕೇಳಿದಳು, ರಕ್ತ ತೆಗೆಸಿದಳು. ವಾರದ ನಂತರ, "ಸದ್ಯಕ್ಕೆ ಆ ಕಾಯಿಲೆಯ ಲಕ್ಷಣ ಕಾಣ್ತಿಲ್ಲಮ್ಮ. ಆದ್ರೆ ಬಿಪಿ ಜಾಸ್ತಿ ಇದೆ, ಸಕ್ಕರೆ ಅಂಚಲ್ಲಿ ನಿಂತಿದೆ. ಮೊದಲು ತಟ್ಟೆ ಸರಿ ಮಾಡ್ಕೊಳ್ಳಿ" ಎಂದಳು.

"ಸರಿಯಾಗಿ ತಿಂದ್ರೆ ಆಲ್ಝೈಮರ್ಸ್ ಬರಲ್ವಾ?"

"ಹಾಗಂತ ಯಾರೂ ಬರೆದುಕೊಡೋಕಾಗಲ್ಲ. ಸೊಪ್ಪು, ಕಾಳು, ಹಣ್ಣು, ಬೀಜ, ಮೀನು ಇಂಥದ್ದನ್ನ ಹೆಚ್ಚು ತಿನ್ನೋರಲ್ಲಿ ಅಪಾಯ ಕಡಿಮೆ ಇರಬಹುದು ಅಂತ ಕೆಲವು ಅಧ್ಯಯನ ಹೇಳ್ತವೆ. ಹೃದಯಕ್ಕಂತೂ ಒಳ್ಳೇದು. ಖಾತ್ರಿ ಮಾತ್ರ ಕೇಳಬೇಡಿ."

"ಹಾಗಾದ್ರೆ ಅಮ್ಮನಿಗೆ ನಾನು ಬೇರೆ ಥರ ಅಡಿಗೆ ಮಾಡಿ ಹಾಕಿದ್ರೆ…"

ಅವಳು ಪೆನ್ನು ಕೆಳಗಿಟ್ಟಳು. "ಅದನ್ನ ತಲೆ ಮೇಲೆ ಹೊತ್ಕೋಬೇಡಿ. ಒಂದು ಅಡಿಗೆಮನೆಯಿಂದ ಬರೋ ಕಾಯಿಲೆ ಅಲ್ಲ ಅದು." ಅಮ್ಮ ಹೋಗಿ ನಾಲ್ಕು ವರ್ಷವಾದ ಮೇಲೆ, ಗುರುತಿಲ್ಲದ ಆ ಹುಡುಗಿಯ ಮುಂದೆ ಅತ್ತುಬಿಟ್ಟೆ.

ಈಗ ನಮ್ಮ ಒಲೆಯ ಮೇಲೆ ಎಣ್ಣೆಬಾಣಲೆ ಅಪರೂಪ. ಮೊದಲ ದಿನ ತಟ್ಟೆ ತುಂಬ ಸೊಪ್ಪು ನೋಡಿ ನಿನ್ನ ಭಾವ, "ನನ್ನನ್ನೇನು ಮೇಕೆ ಅಂದ್ಕೊಂಡ್ಯಾ?" ಎಂದು ಮುಖ ಊದಿಸಿಕೊಂಡರು. ಗ್ಯಾರೇಜಿನಲ್ಲಿ ಸ್ಪ್ಯಾನರುಗಳ ಕೆಳಗೆ ಬಿಸ್ಕತ್ತು ಬಚ್ಚಿಟ್ಟು ಸಿಕ್ಕಿಬಿದ್ದರು. ಈಗ ಊಟವಾದ ಮೇಲೆ ಅದೇ ಸ್ಪ್ಯಾನರಿನಿಂದ ಅಕ್ರೋಟು ಒಡೆಯುತ್ತಾರೆ. ಸಿಪ್ಪೆ ಹಾರಿ ನನ್ನ ಹೊಲಿಗೆ ಯಂತ್ರದೊಳಗೆ ಬೀಳುತ್ತದೆ. ಬಿಪಿ ಇಳಿದಿದೆ, ನಿದ್ದೆ ಬರುತ್ತಿದೆ, ತೋಳುಗಳು ಎಡ ಬಲ ಸರಿಯಾಗಿ ಬರುತ್ತಿವೆ.

ನೀನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವಳು. ಒಮ್ಮೆ ತೋರಿಸಿಕೊಂಡು ಬಾ, ಉದಾಸೀನ ಬೇಡ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಾನು ಮೊದಲನೆಯದನ್ನು ಈಗ ಕಲಿಯುತ್ತಿದ್ದೇನೆ. ಎರಡನೆಯದು ಇನ್ನೂ ಬಂದಿಲ್ಲ.

ನಿನ್ನ ಮನೆ ತಣ್ಣಗಿರಲಿ. ಮಗಳು ಅಂದುಕೊಂಡದ್ದನ್ನು ಓದಲಿ.

ನಿನ್ನ,
ಅಕ್ಕ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಏಳಲಿಲ್ಲ. ಅಮ್ಮನ ಕೊನೆಯ ವರ್ಷ ನೀನು ಬರುತ್ತೇನೆ ಎಂದಾಗ, "ಬಂದು ಏನು ಮಾಡುತ್ತೀ, ಅವಳಿಗೆ ನಿನ್ನ ನೆನಪೇ ಇಲ್ಲ" ಎಂದು ಬರೆದಿದ್ದೆ. ಅದು ಸುಳ್ಳು. ಅವಳು ಮರೆತದ್ದು ನನ್ನನ್ನು. ತಟ್ಟೆ ತಂದರೆ ಬಾಯಿ ಬಿಗಿದುಕೊಂಡು, "ಚಿಕ್ಕೋಳು ಬರ್ಲಿ, ಅವಳು ಕೊಟ್ರೆ ತಿಂತೀನಿ" ಎನ್ನುತ್ತಿದ್ದಳು. "ನಾನೇ ಅಮ್ಮ, ಚಿಕ್ಕೋಳು" ಎಂದು ಹೇಳಿ ಹೇಳಿ ಒಂದೊಂದು ತುತ್ತನ್ನೂ ತಿನ್ನಿಸಿದೆ. ಆಗ ನಿನ್ನದೆಂದುಕೊಂಡು ನನ್ನ ಕೆನ್ನೆ ಸವರುತ್ತಿದ್ದಳು. ನೀನು ಬಂದರೆ ಅದೂ ನನಗೆ ಇಲ್ಲವಾಗುತ್ತದೆ ಎಂದು ನಿನ್ನನ್ನು ತಡೆದೆ. ತಲೆ ನೆಟ್ಟಗಿರುವಾಗಲೇ ಹೇಳಿಬಿಡಬೇಕೆನಿಸಿತು. ಇದಕ್ಕೆ ಪತ್ರ ಬರೆಯಬೇಡ. ಬೈಯುವುದಿದ್ದರೆ ಬಂದು ಎದುರಿಗೇ ಬೈ.